ಪ್ರತಿಜ್ಞೆಯಿಂದ ಮನೆಗೆ: ಮದ್ಯವ್ಯಸನಿ ಸ್ತ್ರೀಯರ ವಸತಿಗೃಹಗಳ ಚರಿತ್ರೆಯಿಂದ ಒಂದು ಅಧ್ಯಾಯ

ಪಾಲನಾ ದೈವಶಾಸ್ತ್ರದ ತರಗತಿಯಲ್ಲಿ ಮದ್ಯವ್ಯಸನದ ವಿಷಯ ಬಂದಾಗಲೆಲ್ಲ ನಾವು ಒಂದು ಸಂಗತಿಯನ್ನು ಗಮನಿಸುತ್ತಾ ಬಂದಿದ್ದೇವೆ. ಗುರು ಅಭ್ಯರ್ಥಿಗಳು ಕೊಡುವ ಉದಾಹರಣೆಗಳಲ್ಲಿ ಕುಡಿಯುವವನು ಯಾವಾಗಲೂ ಗಂಡಸು. ಹೆಂಗಸು ಅವನ ಹೆಂಡತಿ, ತಾಯಿ ಇಲ್ಲವೆ ಮಗಳು. ಅವಳು ಕಣ್ಣೀರಿಡುತ್ತಾಳೆ, ಪ್ರಾರ್ಥಿಸುತ್ತಾಳೆ, ಗುರುಗಳ ಬಳಿಗೆ ಬಂದು ದೂರು ಹೇಳಿಕೊಳ್ಳುತ್ತಾಳೆ. ಅವಳೇ ಕುಡಿಯುವವಳಾಗಿರಬಹುದೆಂಬ ಯೋಚನೆ ಅಲ್ಲಿ ಸುಳಿಯುವುದಿಲ್ಲ. ಇದಕ್ಕಾಗಿ ಅಭ್ಯರ್ಥಿಗಳನ್ನು ದೂಷಿಸುವ ಹಕ್ಕು ನಮಗಿಲ್ಲ. ನಾವು ಧರ್ಮಕೇಂದ್ರವೊಂದರಲ್ಲಿ ಸೇವೆ ಆರಂಭಿಸಿದ ದಿನಗಳಲ್ಲಿ ಒಬ್ಬ ಗೃಹಸ್ಥರು ಬಂದು, ತಮ್ಮ ಪತ್ನಿಯನ್ನು ‘ಜನ ಮರೆಯುವ ತನಕ’ ಎಲ್ಲಾದರೂ ಇರಿಸಲು ಸಾಧ್ಯವೇ ಎಂದು ಕೇಳಿದ್ದರು. ನಾವು ವಿಳಾಸಗಳನ್ನು ಹುಡುಕಿದೆವು. ಸಿಕ್ಕವು ಹೆಚ್ಚಿನಂಶ ಗಂಡಸರ ಕೇಂದ್ರಗಳು. ಹೆಂಗಸರನ್ನು ಸೇರಿಸಿಕೊಳ್ಳುವ ಒಂದು ಕೇಂದ್ರ ಸಿಕ್ಕಿತಾದರೂ ಅವಳ ನಾಲ್ಕು ವರ್ಷದ ಮಗುವಿಗೆ ಅಲ್ಲಿ ಸ್ಥಳವಿರಲಿಲ್ಲ. ಅವಳು ಹೋಗಲಿಲ್ಲ. ಕೆಲವು ತಿಂಗಳ ನಂತರ ಬಲಿಪೂಜೆಗೆ ಬರುವುದನ್ನೂ ನಿಲ್ಲಿಸಿದಳು. ‘ಅವಳಿಗೆ ಮನಸ್ಸಿಲ್ಲ’ ಎಂದು ಅಂದು ನಾವು ತೀರ್ಮಾನಿಸಿದೆವು. ಆ ತೀರ್ಮಾನ ಎಷ್ಟು ಅವಸರದ್ದೆಂಬುದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಒಂದು ಹಳ್ಳಿಯಲ್ಲಿ ನಡೆದ ಪ್ರಯೋಗದ ಚರಿತ್ರೆಯನ್ನು ಓದಿದ ಮೇಲೆ ನಮಗೆ ತಿಳಿಯಿತು. ಆ ಚರಿತ್ರೆಯನ್ನು ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಪ್ರತಿಜ್ಞೆಯ ಕಾಲ

ಕುಡಿತದ ಪಿಡುಗಿಗೆ ಹತ್ತೊಂಬತ್ತನೆಯ ಶತಮಾನದ ಕ್ರೈಸ್ತ ಸಮಾಜ ಕೊಟ್ಟ ಮೊದಲ ಉತ್ತರ ಪ್ರತಿಜ್ಞೆ. ಐರ್ಲೆಂಡಿನ ಕಾರ್ಕ್ ನಗರದಲ್ಲಿ 1838ರಲ್ಲಿ ಕಪುಚಿನ್ ಸಭೆಯ ಗುರು ಥಿಯೋಬಾಲ್ಡ್ ಮ್ಯಾಥ್ಯೂ ಆರಂಭಿಸಿದ ಚಳವಳಿಯಲ್ಲಿ ಲಕ್ಷಾಂತರ ಜನರು ಮದ್ಯವನ್ನು ಸಂಪೂರ್ಣವಾಗಿ ತ್ಯಜಿಸುವೆವೆಂದು ಮಾತು ಕೊಟ್ಟರು. ಅದು ಧರ್ಮಸಭೆ ಹೆಮ್ಮೆಪಡಬೇಕಾದ ಕಾರ್ಯವೇ ಸರಿ. ಆದರೆ ಪ್ರತಿಜ್ಞೆ ಮನುಷ್ಯನ ಸಂಕಲ್ಪವನ್ನು ಮಾತ್ರ ಕೇಳುತ್ತದೆ. ಮಾತು ಕೊಟ್ಟವನು ಅದೇ ಓಣಿಗೆ, ಅದೇ ಗೆಳೆಯರ ನಡುವೆ, ಅದೇ ಹಸಿವಿಗೆ ಹಿಂದಿರುಗಬೇಕು. ಸಂಕಲ್ಪವೇ ಕುಸಿದವರಿಗೆ ಪ್ರತಿಜ್ಞೆಯಿಂದ ಏನು ಪ್ರಯೋಜನ ಎಂಬ ಪ್ರಶ್ನೆಗೆ ಆ ಚಳವಳಿಯಲ್ಲಿ ಉತ್ತರವಿರಲಿಲ್ಲ.

ಇಂಗ್ಲೆಂಡಿನ ವೈದ್ಯರೂ ಶಾಸನಕರ್ತರೂ ಇನ್ನೊಂದು ದಾರಿಯನ್ನು ಹುಡುಕಿದರು. 1879ರ ಶಾಸನ, ಅದನ್ನು ಶಾಶ್ವತಗೊಳಿಸಿದ 1888ರ ಶಾಸನ ಇವುಗಳ ಪ್ರಕಾರ ಪರವಾನಗಿ ಪಡೆದ ವಿಶ್ರಾಂತಿಗೃಹಗಳನ್ನು ತೆರೆಯಬಹುದಾಗಿತ್ತು. ವ್ಯಸನಿಯು ನ್ಯಾಯಾಧಿಕಾರಿಗಳ ಎದುರಿಗೆ ಸ್ವಂತ ಇಚ್ಛೆಯಿಂದ ಸಹಿ ಹಾಕಬೇಕು; ಹಾಕಿದ ಮೇಲೆ ಗೊತ್ತುಪಡಿಸಿದ ಅವಧಿ ಮುಗಿಯುವವರೆಗೆ ಹೊರಡುವಂತಿಲ್ಲ. ಖರ್ಚು ಅವರದೇ. ಆದುದರಿಂದ ಈ ಗೃಹಗಳು ಹಣವಂತರ ಪಾಲಾದವು. 1883ರಲ್ಲಿ ರಿಕ್‌ಮನ್ಸ್‌ವರ್ತ್‌ನಲ್ಲಿ ತೆರೆದ ಪ್ರಸಿದ್ಧ ಡಾಲ್ರಿಂಪಲ್ ಗೃಹ ಪುರುಷರಿಗೆ ಮಾತ್ರ ಮೀಸಲಾಗಿತ್ತು. ಬಡ ಹೆಂಗಸಿಗೆ ಉಳಿದದ್ದು ದಂಡ, ದಂಡ ತೆರಲಾಗದಿದ್ದರೆ ಕೆಲವು ದಿನಗಳ ಸೆರೆವಾಸ, ಬಿಡುಗಡೆಯ ದಿನ ಮತ್ತೆ ಹೆಂಡದಂಗಡಿ, ಮತ್ತೆ ನ್ಯಾಯಾಲಯ.

ಡಕ್ಸ್‌ಹರ್ಸ್ಟ್ ಎಂಬ ಹಳ್ಳಿ

ಈ ಚಕ್ರವನ್ನು ಮುರಿಯಲು ಮುಂದಾದವರು ಲೇಡಿ ಹೆನ್ರಿ ಸಾಮರ್ಸೆಟ್. 1851ರಲ್ಲಿ ಶ್ರೀಮಂತ ಮನೆತನದಲ್ಲಿ ಹುಟ್ಟಿದ ಇಸಬೆಲ್ಲಾ, 1872ರಲ್ಲಿ ಡ್ಯೂಕ್ ಮನೆತನದ ಲಾರ್ಡ್ ಹೆನ್ರಿ ಸಾಮರ್ಸೆಟ್ ಅವರನ್ನು ವಿವಾಹವಾದರು. ವಿವಾಹ ಉಳಿಯಲಿಲ್ಲ. ಪತಿಯಿಂದ ಬೇರೆಯಾದ ಅವರು ಒಬ್ಬನೇ ಮಗನ ಪೋಷಣೆಯ ಹಕ್ಕಿಗಾಗಿ ನ್ಯಾಯಾಲಯಕ್ಕೆ ಹೋಗಿ 1878ರಲ್ಲಿ ಗೆದ್ದರು. ಆದರೆ ಮನೆಯ ಗುಟ್ಟನ್ನು ಬೀದಿಗೆ ತಂದವಳೆಂದು ಅಂದಿನ ಉಚ್ಚ ಸಮಾಜ ಅವರಿಗೆ ಬಾಗಿಲು ಮುಚ್ಚಿತು. ಮಗು ಕೈತಪ್ಪೀತೆಂಬ ತಾಯಿಯ ಭಯವನ್ನೂ ಸಮಾಜ ಹೊರಗಿಟ್ಟ ಸ್ತ್ರೀಯ ಒಂಟಿತನವನ್ನೂ ಅವರು ಪುಸ್ತಕದಿಂದ ಕಲಿತವರಲ್ಲ. ಅವರು ಮುಂದೆ ಕಟ್ಟಿದ ಮನೆಯ ಸ್ವರೂಪವನ್ನು ನೋಡುವಾಗ ಈ ಅನುಭವವನ್ನು ಮರೆಯಲಾಗದು.

1883ರಲ್ಲಿ ತಂದೆ ತೀರಿಕೊಂಡಾಗ ಈಸ್ಟ್‌ನರ್ ಕೋಟೆ, ರೈಗೇಟ್ ಊರಿನ ಆಸ್ತಿ ಹಾಗೂ ಲಂಡನ್ನಿನ ಬಡ ಕೇರಿಗಳ ಮನೆಗಳು ಅವರ ಕೈಸೇರಿದವು. ತಮ್ಮ ಒಕ್ಕಲುಗಳ ಮನೆಗಳಲ್ಲಿ ಕುಡಿತ ಮಾಡಿದ ಹಾಳನ್ನು ಕಂಡು ಅವರು ಪಾನನಿರೋಧ ಚಳವಳಿಗೆ ಇಳಿದರು. 1890ರಲ್ಲಿ ಬ್ರಿಟಿಷ್ ಮಹಿಳಾ ಪಾನನಿರೋಧ ಸಂಘದ ಅಧ್ಯಕ್ಷೆಯಾದರು. ಐದು ವರ್ಷಗಳ ನಂತರ, 1895ರಲ್ಲಿ, ಸರ್ರೆ ಪ್ರಾಂತದ ರೈಗೇಟ್ ಬಳಿ ಡಕ್ಸ್‌ಹರ್ಸ್ಟ್ ಎಂಬಲ್ಲಿ ವ್ಯಸನಿ ಸ್ತ್ರೀಯರಿಗಾಗಿ ಒಂದು ವಸತಿಹಳ್ಳಿಯನ್ನು ತೆರೆದರು.

ವಸತಿಹಳ್ಳಿ ಎಂಬ ಮಾತನ್ನು ನಾವು ಬೇಕೆಂದೇ ಬಳಸುತ್ತಿದ್ದೇವೆ. ಅಂದಿನ ರೂಢಿಯಂತೆ ಒಂದು ದೊಡ್ಡ ಕಟ್ಟಡ, ಉದ್ದನೆಯ ಮಲಗುವ ಕೋಣೆ, ಎತ್ತರದ ಗೋಡೆ ಅಲ್ಲಿರಲಿಲ್ಲ. ಹುಲ್ಲುಬಯಲಿನ ಸುತ್ತ ಸಣ್ಣ ಸಣ್ಣ ಕುಟೀರಗಳು. ಕೆಲವರೇ ಸ್ತ್ರೀಯರು ಒಂದು ಕುಟುಂಬದಂತೆ ಒಂದೊಂದರಲ್ಲಿ ವಾಸಿಸುವ ಏರ್ಪಾಡು. ನಡುವೆ ಒಂದು ದೇವಾಲಯ. ಚಿಕಿತ್ಸೆಯ ಹೆಸರಿನಲ್ಲಿ ಅಂದು ಮಾರುಕಟ್ಟೆಯಲ್ಲಿ ಮೆರೆಯುತ್ತಿದ್ದ ಗುಟ್ಟಿನ ಔಷಧಗಳಿಗೆ ಅಲ್ಲಿ ಪ್ರಾಮುಖ್ಯ ಇರಲಿಲ್ಲ. ತೋಟಗಾರಿಕೆ, ಕೋಳಿ ಸಾಕಣೆ, ಜೇನು ಸಾಕಣೆ, ನೇಯ್ಗೆ, ಕಸೂತಿ ಮೊದಲಾದ ಕೆಲಸಗಳು, ಹೊಟ್ಟೆ ತುಂಬ ಊಟ, ತೆರೆದ ಗಾಳಿ, ಪ್ರಾರ್ಥನೆ, ಎಲ್ಲಕ್ಕಿಂತ ಹೆಚ್ಚಾಗಿ ಸಮಯ: ಇವೇ ಅಲ್ಲಿಯ ಔಷಧ. ಕನಿಷ್ಠ ಒಂದು ವರ್ಷ ಇರಬೇಕೆಂಬುದು ನಿಯಮ. ವಾರಗಟ್ಟಲೆಯ ಸೆರೆವಾಸ ದೇಹದಿಂದ ಮದ್ಯವನ್ನು ಇಳಿಸೀತೇ ಹೊರತು ಮುರಿದ ಬದುಕನ್ನು ಜೋಡಿಸದು ಎಂಬುದು ಲೇಡಿ ಹೆನ್ರಿ ಅವರ ನಿಲುವಾಗಿತ್ತು.

ಎಲ್ಲಕ್ಕಿಂತ ಮುಖ್ಯವಾದುದು ಮಕ್ಕಳ ಸಂಗತಿ. ಆ ಹಳ್ಳಿಯಲ್ಲಿ ಮಕ್ಕಳಿಗಾಗಿಯೇ ಒಂದು ಮನೆಯಿತ್ತು. ಅದಕ್ಕೆ ‘ಗೂಡು’ ಎಂಬರ್ಥದ ಹೆಸರಿಟ್ಟಿದ್ದರು. ಕುಡಿತಕ್ಕೆ ಬಿದ್ದ ತಾಯಿಯಿಂದ ಮಗುವನ್ನು ದೂರವಿಡುವುದೇ ಧರ್ಮವೆಂದು ತಿಳಿದಿದ್ದ ಕಾಲದಲ್ಲಿ, ಮಕ್ಕಳ ನಗು ಕೇಳುವಷ್ಟು ಹತ್ತಿರದಲ್ಲಿ ಆ ಸ್ತ್ರೀಯರು ಕೆಲಸ ಮಾಡಿದರು. ಮಗುವನ್ನು ಎತ್ತಿಕೊಳ್ಳುವ ಕೈ ಬಾಟಲಿಯನ್ನು ಬಿಡಲು ಕಲಿಯುತ್ತದೆ ಎಂಬ ನಂಬಿಕೆ ಆ ಮನೆಯ ಅಡಿಪಾಯ. ಇದು ಭಾವುಕತೆಯಲ್ಲ, ವ್ಯವಹಾರದ ಮಾತೂ ಹೌದು. ತಾನು ಹೋದರೆ ಮಗುವನ್ನು ನೋಡುವವರು ಯಾರು ಎಂಬ ಒಂದೇ ಕಾರಣಕ್ಕೆ ಚಿಕಿತ್ಸೆಯ ಬಾಗಿಲಿನವರೆಗೂ ಬಾರದ ತಾಯಂದಿರು ಅಂದೂ ಇದ್ದರು, ಇಂದೂ ಇದ್ದಾರೆ.

ಜೇನ್ ಕೇಕ್‌ಬ್ರೆಡ್ ಕಲಿಸಿದ ಪಾಠ

ಹಳ್ಳಿ ತೆರೆದ ವರ್ಷವೇ ಲಂಡನ್ನಿನ ಪತ್ರಿಕೆಗಳಲ್ಲಿ ಮನೆಮಾತಾಗಿದ್ದ ಒಬ್ಬ ವೃದ್ಧೆಯನ್ನು ಲೇಡಿ ಹೆನ್ರಿ ಬರಮಾಡಿಕೊಂಡರು. ಅವಳು ಜೇನ್ ಕೇಕ್‌ಬ್ರೆಡ್. ಕುಡಿದು ಗದ್ದಲ ಮಾಡಿದ ಅಪರಾಧಕ್ಕಾಗಿ ಅವಳಿಗೆ 250ಕ್ಕೂ ಹೆಚ್ಚು ಬಾರಿ ಶಿಕ್ಷೆಯಾಗಿತ್ತು. ನ್ಯಾಯಾಲಯದಲ್ಲಿ ಅವಳ ಮಾತಿಗೆ ಜನ ನಗುತ್ತಿದ್ದರು. ವರದಿಗಾರರು ಅದನ್ನು ಬರೆದು ಓದುಗರನ್ನು ನಗಿಸುತ್ತಿದ್ದರು. ಇಂಥವಳನ್ನು ತಿದ್ದಿದರೆ ಹೊಸ ಮನೆಗೆ ಅದಕ್ಕಿಂತ ದೊಡ್ಡ ಕೀರ್ತಿ ಇನ್ನೇನು?

ಪ್ರಯೋಗ ಕೈಗೂಡಲಿಲ್ಲ. ಕೆಲವೇ ತಿಂಗಳಲ್ಲಿ ಜೇನ್ ಹೊರಟುಹೋದಳು. ಆದರೆ ಆ ಸೋಲಿನಲ್ಲಿ ಒಂದು ಸತ್ಯ ಹೊರಬಂದಿತು. ಅವಳು ಮೂಲತಃ ಕುಡುಕಿಯಲ್ಲ, ಮನೋರೋಗಿ ಎಂಬುದು ಅವಳೊಡನೆ ದಿನದಿನವೂ ಬಾಳಿದವರಿಗೆ ಅರಿವಾಯಿತು. ಮುಂದೆ ಅವಳನ್ನು ಕ್ಲೇಬರಿ ಮಾನಸಿಕ ಆಸ್ಪತ್ರೆಗೆ ಸೇರಿಸಲಾಯಿತು. 1898ರಲ್ಲಿ ಅವಳು ತೀರಿಕೊಂಡಳು. ಇನ್ನೂರೈವತ್ತು ಸಲ ಅವಳನ್ನು ಎದುರಿಗೆ ನಿಲ್ಲಿಸಿಕೊಂಡ ನ್ಯಾಯಪೀಠ ಕಾಣದೆ ಹೋದುದನ್ನು ಕೆಲವು ತಿಂಗಳು ಜೊತೆಯಲ್ಲಿದ್ದವರು ಕಂಡರು. ಪಾಲನಾ ಸೇವೆಯ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಪಾಠ ನಮಗೆ ತಿಳಿದಿಲ್ಲ. ಪಾಪ, ರೋಗ, ದುಃಖ ಇವು ಹೊರಗಿನಿಂದ ಒಂದೇ ಬಗೆಯಾಗಿ ಕಾಣುತ್ತವೆ. ಅವುಗಳನ್ನು ಬೇರ್ಪಡಿಸಿ ನೋಡಲು ಸಹವಾಸ ಬೇಕು, ವೈದ್ಯರ ನೆರವೂ ಬೇಕು.

ಮನೆಯು ಸೆರೆಯಾದಾಗ

ಜೇನ್ ತೀರಿಕೊಂಡ ವರ್ಷವೇ ಬ್ರಿಟಿಷ್ ಸಂಸತ್ತು ಹೊಸ ಶಾಸನವೊಂದನ್ನು ಮಾಡಿತು. 1898ರ ಈ ಶಾಸನದಂತೆ, ಹನ್ನೆರಡು ತಿಂಗಳಲ್ಲಿ ನಾಲ್ಕು ಬಾರಿ ಕುಡಿತದ ಅಪರಾಧಕ್ಕೆ ಗುರಿಯಾದವರನ್ನೂ, ಕುಡಿತದ ಕಾರಣ ಗುರುತರ ಅಪರಾಧ ಮಾಡಿದ ವ್ಯಸನಿಗಳನ್ನೂ ನ್ಯಾಯಾಲಯ ಸುಧಾರಣಾಲಯಕ್ಕೆ ಮೂರು ವರ್ಷದವರೆಗೆ ಕಳುಹಿಸಬಹುದಾಗಿತ್ತು. ಸ್ವಂತ ಇಚ್ಛೆಯ ಸಹಿಯ ಜಾಗಕ್ಕೆ ನ್ಯಾಯಾಧೀಶರ ಆಜ್ಞೆ ಬಂದಿತು. ಉದ್ದೇಶ ಕೆಟ್ಟದ್ದಾಗಿರಲಿಲ್ಲ, ಬಡವರಿಗೂ ದೀರ್ಘ ಕಾಲದ ಆರೈಕೆ ದೊರೆಯಲಿ ಎಂದು ಸುಧಾರಕರೇ ಇದನ್ನು ಬೇಡಿದ್ದರು. ಪರಿಣಾಮ ಮಾತ್ರ ಬೇರೆಯಾಯಿತು. ಬ್ರಿಟನ್ನಿನಲ್ಲಿ ಕುಡಿತಕ್ಕಾಗಿ ಶಿಕ್ಷೆಗೊಳಗಾದವರಲ್ಲಿ ಗಂಡಸರೇ ಹೆಚ್ಚಾಗಿದ್ದರೂ ಈ ಶಾಸನದಡಿ ಸುಧಾರಣಾಲಯ ಸೇರಿದವರಲ್ಲಿ ಐದರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚು ಮಂದಿ ಹೆಂಗಸರು. ಅವರಲ್ಲಿ ಹಲವರ ಅಪರಾಧ ಮಕ್ಕಳನ್ನು ಸರಿಯಾಗಿ ನೋಡಿಕೊಳ್ಳದಿದ್ದುದು. ಕುಡಿದ ಗಂಡಸು ದಂಡ ಕಟ್ಟಿ ಮನೆಗೆ ಹೋದ. ಕುಡಿದ ತಾಯಿ ಮಕ್ಕಳಿಂದ ಬೇರ್ಪಟ್ಟು ವರ್ಷಗಟ್ಟಲೆ ಒಳಗಾದಳು.

ಡಕ್ಸ್‌ಹರ್ಸ್ಟ್ ಕೂಡ ಕೆಲವು ಕಾಲ ಸರ್ಕಾರದ ಪ್ರಮಾಣಪತ್ರ ಪಡೆದು ನ್ಯಾಯಾಲಯ ಕಳುಹಿಸಿದ ಸ್ತ್ರೀಯರನ್ನು ಸೇರಿಸಿಕೊಂಡಿತು. ಮುಂದೆ ಅದನ್ನು ಬಿಟ್ಟುಕೊಟ್ಟಿತು. ಇಚ್ಛೆಯಿಂದ ಬಂದವರ ಮನೆಯೂ ಆಜ್ಞೆಯಿಂದ ಬಂದವರ ಕಾವಲೂ ಒಂದೇ ಅಂಗಳದಲ್ಲಿ ಬಹುಕಾಲ ಒಟ್ಟಿಗೆ ಇರಲಾರವು. ಉಳಿದ ಸುಧಾರಣಾಲಯಗಳ ಕಥೆ ಇನ್ನೂ ವಿಷಾದಕರ. ಅಲ್ಲಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬುದ್ಧಿ ಅಥವಾ ಮನಸ್ಸಿನ ನ್ಯೂನತೆಯುಳ್ಳವರೆಂದು ಸರ್ಕಾರಿ ಪರಿವೀಕ್ಷಕರು ವರದಿ ಮಾಡಿದರು. ಗುಣಪಡಿಸುವ ಮಾತು ಹಿಂದೆ ಸರಿದು, ಇಂಥವರು ಸಂತಾನ ಪಡೆಯದಂತೆ ಕೂಡಿಹಾಕುವ ಮಾತು ಮುಂದೆ ಬಂದಿತು. ಖರ್ಚು ಯಾರದೆಂದು ಸರ್ಕಾರವೂ ಸ್ಥಳೀಯ ಸಂಸ್ಥೆಗಳೂ ಜಗಳವಾಡಿದವು. ಮಹಾಯುದ್ಧ ಬಂದಿತು, 1921ರ ಹೊತ್ತಿಗೆ ಸುಧಾರಣಾಲಯಗಳೆಲ್ಲ ಮುಚ್ಚಿದ್ದವು. ಅದೇ ವರ್ಷದ ಮಾರ್ಚಿಯಲ್ಲಿ ಲೇಡಿ ಹೆನ್ರಿ ನಿಧನರಾದರು. ಅವರಿಲ್ಲದೆ ಡಕ್ಸ್‌ಹರ್ಸ್ಟ್ ಹೆಚ್ಚು ಕಾಲ ಬಾಳಲಿಲ್ಲ.

ದೀಪದ ಬುಡದ ಕತ್ತಲೆ

ಚರಿತ್ರೆಯನ್ನು ಸಂತಚರಿತ್ರೆಯಂತೆ ಬರೆಯುವ ಚಪಲ ನಮ್ಮಲ್ಲಿ ಹಲವರಿಗಿದೆ. ಇಲ್ಲಿ ಅದು ಸಲ್ಲದು. ಡಕ್ಸ್‌ಹರ್ಸ್ಟ್‌ನಲ್ಲಿ ಶ್ರೀಮಂತ ಸ್ತ್ರೀಯರಿಗೆ ಬಂಗಲೆ, ಮಧ್ಯಮ ವರ್ಗದವರಿಗೆ ಬೇರೊಂದು ಮನೆ, ಬಡವರಿಗೆ ಕುಟೀರ ಎಂಬ ಭೇದವಿತ್ತು. ಒಂದೇ ರೋಗದಿಂದ ನರಳುವವರನ್ನು ಒಂದೇ ಪಂಕ್ತಿಯಲ್ಲಿ ಕೂರಿಸುವ ಧೈರ್ಯ ಆ ಮನೆಗೂ ಇರಲಿಲ್ಲ.

ಇದಕ್ಕಿಂತ ಗಂಭೀರವಾದ ಇನ್ನೊಂದು ಸಂಗತಿ ನಮ್ಮ ದೇಶಕ್ಕೆ ಸಂಬಂಧಿಸಿದ್ದು. ಭಾರತದ ದಂಡುಪ್ರದೇಶಗಳಲ್ಲಿ ಬ್ರಿಟಿಷ್ ಸೈನಿಕರಿಗೆ ರೋಗ ತಗಲದಂತೆ, ಅಲ್ಲಿಯ ವೇಶ್ಯಾವೃತ್ತಿಯ ಸ್ತ್ರೀಯರನ್ನು ಸರ್ಕಾರದ ತಪಾಸಣೆಗೆ ಒಳಪಡಿಸುವ ಪದ್ಧತಿಯನ್ನು ಮತ್ತೆ ತರಲು 1897ರಲ್ಲಿ ಯೋಜಿಸಲಾಯಿತು. ಲೇಡಿ ಹೆನ್ರಿ ಅದನ್ನು ಬಹಿರಂಗವಾಗಿ ಬೆಂಬಲಿಸಿದರು. ಇಂಥ ಶಾಸನಗಳ ವಿರುದ್ಧ ದಶಕಗಳಿಂದ ಹೋರಾಡುತ್ತಿದ್ದ ಜೋಸೆಫೀನ್ ಬಟ್ಲರ್ ಮತ್ತು ಅವರ ಸಂಗಡಿಗರು ತೀವ್ರವಾಗಿ ಖಂಡಿಸಿದರು. 1898ರಲ್ಲಿ ಲೇಡಿ ಹೆನ್ರಿ ತಮ್ಮ ಬೆಂಬಲವನ್ನು ಹಿಂತೆಗೆದುಕೊಂಡರು. ನಮ್ಮ ಬೆಂಗಳೂರು ಕೂಡ ಅಂದು ದೊಡ್ಡ ದಂಡುಪ್ರದೇಶವಾಗಿತ್ತೆಂಬುದನ್ನು ನೆನೆದರೆ ಈ ವಿವಾದ ದೂರದ್ದೆನಿಸುವುದಿಲ್ಲ. ಸರ್ರೆಯ ಕುಟೀರದಲ್ಲಿ ಒಬ್ಬ ಬಡ ಹೆಂಗಸಿನ ಮುಖವನ್ನು ಕಂಡವರಿಗೆ ಸಾಗರದಾಚೆಯ ಇನ್ನೊಬ್ಬ ಬಡ ಹೆಂಗಸಿನ ಮುಖ ತಕ್ಷಣ ಕಾಣಲಿಲ್ಲ. ಒಂದು ಕಡೆ ಸ್ತ್ರೀ ಗುಣವಾಗಬೇಕಾದ ವ್ಯಕ್ತಿ. ಇನ್ನೊಂದು ಕಡೆ ಇತರರ ಆರೋಗ್ಯಕ್ಕಾಗಿ ನಿಗಾ ಇಡಬೇಕಾದ ವಸ್ತು. ತಪ್ಪನ್ನು ಒಪ್ಪಿ ಹಿಂದೆ ಸರಿದದ್ದು ಅವರ ದೊಡ್ಡತನ; ಆದರೂ ಆ ತಪ್ಪು ನಮಗೆ ಎಚ್ಚರಿಕೆಯಾಗಿ ಉಳಿಯಬೇಕು.

ಆಂಗ್ಲಿಕನ್ ಮಹಿಳೆಯೊಬ್ಬರ ಲೋಪವನ್ನು ಎಣಿಸುವಾಗ ನಮ್ಮ ಕಥೋಲಿಕ ಮನೆಯ ಲೆಕ್ಕವನ್ನೂ ಒಪ್ಪಿಸಬೇಕು. ಐರ್ಲೆಂಡಿನಲ್ಲಿ ಮಗ್ದಲೇನರ ಹೆಸರಿನ ಬಟ್ಟೆ ಒಗೆಯುವ ಗೃಹಗಳನ್ನು ನಮ್ಮ ಧಾರ್ಮಿಕ ಭಗಿನಿಯರು ನಡೆಸಿದರು. ‘ಪತಿತೆ’ಯರಿಗೆ ಆಶ್ರಯವೆಂದು ಆರಂಭವಾದ ಆ ಮನೆಗಳಿಗೆ ಕಾಲಕ್ರಮದಲ್ಲಿ ಅವಿವಾಹಿತ ತಾಯಂದಿರು, ಅನಾಥೆಯರು, ನ್ಯಾಯಾಲಯ ಕಳುಹಿಸಿದವರು, ಕುಟುಂಬಕ್ಕೆ ಬೇಡವಾದವರು ಎಲ್ಲರೂ ಬಂದು ಬಿದ್ದರು. 1922ರಿಂದ ಕೊನೆಯ ಮನೆ ಮುಚ್ಚಿದ 1996ರವರೆಗೆ ಸುಮಾರು ಹತ್ತು ಸಾವಿರ ಸ್ತ್ರೀಯರು ಅಲ್ಲಿದ್ದರೆಂದು ಐರಿಷ್ ಸರ್ಕಾರದ 2013ರ ವರದಿ ಹೇಳಿತು. ಆ ವರ್ಷ ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಆ ಮನೆಗಳನ್ನು ನಡೆಸಿದ ನಾಲ್ಕು ಸಭೆಗಳಲ್ಲಿ ಒಂದು, 1854ರಲ್ಲಿ ಬೆಂಗಳೂರಿಗೆ ಬಂದು 1886ರಲ್ಲಿ ಸಂತ ಮಾರ್ತಾ ಆಸ್ಪತ್ರೆಯನ್ನು ಸ್ಥಾಪಿಸಿದ ಒಳ್ಳೆಯ ಕುರುಬ ಭಗಿನಿಯರ ಸಭೆ. ನಮ್ಮಲ್ಲಿ ಎಷ್ಟೋ ಜನರ ತಾಯಂದಿರು ಆ ಆಸ್ಪತ್ರೆಯ ಋಣದಲ್ಲಿದ್ದಾರೆ. ಒಂದೇ ವ್ರತ, ಒಂದೇ ಉಡುಪು, ಒಂದೇ ಪ್ರೀತಿ: ಒಂದೆಡೆ ಆಸ್ಪತ್ರೆಯಾಯಿತು, ಇನ್ನೊಂದೆಡೆ ಬೀಗವಾಯಿತು. ಆದುದರಿಂದ ಸದುದ್ದೇಶವೊಂದೇ ಸಾಕೆಂದು ನಾವು ಹೇಳುವಂತಿಲ್ಲ.

ನಮಗೆ ಉಳಿದ ಪ್ರಶ್ನೆ

ಡಕ್ಸ್‌ಹರ್ಸ್ಟ್‌ನ ಒಳನೋಟ ಮರೆಯಾಗಿ, ಮತ್ತೆ ಕಣ್ತೆರೆಯಲು ಬಹಳ ಕಾಲ ಹಿಡಿಯಿತು. ಅಮೆರಿಕದ ಮಿನೆಸೊಟಾದಲ್ಲಿ 1949ರಲ್ಲಿ ತೆರೆದ, ಇಂದು ಲೋಕಪ್ರಸಿದ್ಧವಾದ ಹೇಜಲ್ಡನ್ ಕೇಂದ್ರವನ್ನು ಮೊದಲು ಯೋಚಿಸಿದ್ದು ಮದ್ಯವ್ಯಸನಿ ಕಥೋಲಿಕ ಗುರುಗಳಿಗಾಗಿ ಎಂಬುದನ್ನು ನಮ್ಮ ಓದುಗರು ಗಮನಿಸಬೇಕು. ಅದು ತೆರೆದದ್ದು ಪುರುಷರಿಗಾಗಿ. ಸ್ತ್ರೀಯರಿಗೆ ಪ್ರತ್ಯೇಕ ಮನೆ ಆದದ್ದು 1956ರಲ್ಲಿ. ಮೊದಲು ಗುರುಗಳು, ಆಮೇಲೆ ಗಂಡಸರು, ಕೊನೆಗೆ ಹೆಂಗಸರು. ನಮ್ಮ ಕರುಣೆಯೂ ಸಾಲಿನಲ್ಲಿ ನಿಲ್ಲುತ್ತದೆ. ಆ ಸಾಲಿನ ಕ್ರಮ ಬಹುಮಟ್ಟಿಗೆ ಇದೇ.

ನಮ್ಮ ದೇಶದಲ್ಲಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮದ್ಯ ಸೇವಿಸುವವರು ಪುರುಷರಲ್ಲಿ ಶೇ. 27.3, ಸ್ತ್ರೀಯರಲ್ಲಿ ಶೇ. 1.6. ಈ ಸಣ್ಣ ಸಂಖ್ಯೆಯನ್ನು ತೋರಿಸಿ, ಹೆಂಗಸರಿಗೆ ಪ್ರತ್ಯೇಕ ವ್ಯವಸ್ಥೆ ಏಕೆಂದು ಕೇಳುವವರಿದ್ದಾರೆ. ಕೋಟಿಗಳ ದೇಶದಲ್ಲಿ ಶೇ. 1.6 ಎಂದರೆ ಲಕ್ಷಗಟ್ಟಲೆ ಸ್ತ್ರೀಯರು. ಅದಕ್ಕಿಂತ ಮುಖ್ಯವಾಗಿ, ಸಂಖ್ಯೆ ಸಣ್ಣದಾದಷ್ಟೂ ನಾಚಿಕೆ ದೊಡ್ಡದು. ಕುಡಿಯುವ ಗಂಡನನ್ನು ಶಿಬಿರಕ್ಕೆ ಕರೆತರಲು ಊರೆಲ್ಲ ಒಂದಾಗುತ್ತದೆ. ಕುಡಿಯುವ ಹೆಂಡತಿಯನ್ನು ಮುಚ್ಚಿಡಲು ಮನೆಯೆಲ್ಲ ಒಂದಾಗುತ್ತದೆ. ತೊಂಬತ್ತೊಂಬತ್ತು ಕುರಿಗಳನ್ನು ಬಿಟ್ಟು ಒಂದನ್ನು ಹುಡುಕಿ ಹೊರಟ ಕುರುಬನ ಶಿಷ್ಯರಾದ ನಾವು ಶೇಕಡಾವಾರು ಲೆಕ್ಕದಿಂದ ಸಮಾಧಾನ ಪಡೆಯುವಂತಿಲ್ಲ.

ಈ ಚರಿತ್ರೆಯಿಂದ ಮೂರು ಪರೀಕ್ಷೆಗಳನ್ನು ನಾವು ಎತ್ತಿಕೊಳ್ಳಬಹುದು. ಧರ್ಮಸಭೆಯ ಹೆಸರಿನಲ್ಲಿ ತೆರೆಯುವ ಇಂಥ ಯಾವುದೇ ಮನೆಯನ್ನು ಕುರಿತು ಮೊದಲು ಕೇಳಬೇಕಾದದ್ದು: ಇದರ ಬಾಗಿಲು ಯಾರ ಹಿತಕ್ಕಾಗಿ ಮುಚ್ಚುತ್ತದೆ, ಒಳಗಿರುವವಳ ಹಿತಕ್ಕೋ, ಹೊರಗಿರುವವರ ಮಾನಕ್ಕೋ? ಎರಡನೆಯದು: ಅವಳು ತಾಯಿಯಾಗಿಯೇ ಒಳಗೆ ಬರಬಹುದೋ, ಅಥವಾ ತಾಯ್ತನವನ್ನು ಹೊಸ್ತಿಲಲ್ಲಿ ಕಳಚಿಡಬೇಕೋ? ಮೂರನೆಯದು: ಅವಳು ಹೊರಗೆ ಬರುವ ದಿನ ಅವಳನ್ನು ಎದುರುಗೊಳ್ಳಲು ಒಂದು ಧರ್ಮಕೇಂದ್ರ ಸಿದ್ಧವಾಗಿದೆಯೋ? ಮೊದಲ ಎರಡಕ್ಕೆ ಉತ್ತರ ಕೊಡಬೇಕಾದವರು ಮನೆ ನಡೆಸುವವರು. ಮೂರನೆಯದಕ್ಕೆ ಉತ್ತರ ಕೊಡಬೇಕಾದವರು ನಾವು ಮತ್ತು ನಾಳೆ ಧರ್ಮಕೇಂದ್ರಗಳಿಗೆ ಹೋಗುವ ನಮ್ಮ ಅಭ್ಯರ್ಥಿಗಳು.

ಲೇಡಿ ಹೆನ್ರಿ 1913ರಲ್ಲಿ ಡಕ್ಸ್‌ಹರ್ಸ್ಟ್‌ನ ಅನುಭವ ಕುರಿತು ಪ್ರಕಟಿಸಿದ ಪುಸ್ತಕಕ್ಕೆ ಪ್ರವಾದಿ ಯೆಶಾಯನ ಗ್ರಂಥದ ಅರವತ್ತೊಂದನೆಯ ಅಧ್ಯಾಯದಿಂದ ಹೆಸರನ್ನು ಆರಿಸಿಕೊಂಡರು: ಬೂದಿಗೆ ಬದಲಾಗಿ ಸೌಂದರ್ಯ. ನಜರೇತಿನ ಪ್ರಾರ್ಥನಾಮಂದಿರದಲ್ಲಿ ಪ್ರಭು ಯೇಸು ಓದಿದ್ದು ಇದೇ ಅಧ್ಯಾಯವನ್ನು. ಸಂತ ಲೂಕನ ಪ್ರಕಾರ ಪ್ರಭು ಎರಡನೆಯ ವಚನದ ನಡುವೆ ಸುರುಳಿಯನ್ನು ಮುಚ್ಚಿ ಕುಳಿತರು. ಬೂದಿಯ ಮಾತು ಬರುವುದು ಅದರ ಮುಂದಿನ ವಚನದಲ್ಲಿ. ಸೆರೆಯವರಿಗೆ ಬಿಡುಗಡೆ ಎಂದು ಸಾರಿದ ಮೇಲೆ, ಬಿಡುಗಡೆಯಾದವರ ತಲೆಯ ಬೂದಿಯನ್ನು ಒರೆಸುವ ಕೆಲಸ ಉಳಿಯುತ್ತದೆ. ಅದು ಒಂದು ದಿನದ ಪ್ರತಿಜ್ಞೆಯಿಂದ ಆಗುವಂಥದ್ದಲ್ಲ. ಅದಕ್ಕೆ ಒಂದು ಮನೆ ಬೇಕು, ಒಂದು ವರ್ಷ ಬೇಕು, ಮಗುವಿಗೊಂದು ಮಂಚ ಬೇಕು. ಅಂದು ನಮ್ಮ ಧರ್ಮಕೇಂದ್ರದಲ್ಲಿ ಆ ತಾಯಿ ಕೇಳಿದ್ದು ಇಷ್ಟನ್ನೇ. ಅವಳಿಗೆ ಮನಸ್ಸಿತ್ತು, ನಮ್ಮಲ್ಲಿ ಮನೆಯಿರಲಿಲ್ಲ.